ದಂತಶಿಲ್ಪಿಗಳ ರಾಜ್ಯಶೃಂಗಾರ

ದಂತಶಿಲ್ಪಿಗಳ ಮೊದಲ ತಕರಾರು ಹುಲ್ಲಿನ ಮೇಲೆ.

"ಇದು ಹುಲ್ಲಾ? ಹಸಿರು ಕಾಗದ ಕತ್ತರಿಸಿ ನೆಲಕ್ಕೆ ಚುಚ್ಚಿದ ಹಾಗಿದೆ!" ಎಂದು ಅವರು ಕಂಪ್ಯೂಟರಿನ ಪರದೆಗೆ ಮೂಗು ತಾಗುವಷ್ಟು ಬಗ್ಗಿ ಹೇಳಿದರು.

"ಹುಲ್ಲು ಕಟ್ಕೊಂಡು ನಮಗೇನ್ರೀ? ನಾವೇನು ಮೇಯೋಕೆ ಬಂದಿದೀವಾ? ಮುಂದೆ ನಡೀರಿ," ಎಂದಳು ಪಕ್ಕದ ಕುರ್ಚಿಯಲ್ಲಿದ್ದ ಹೆಂಡತಿ.

ಅವರು ಆಗಲೇ ಮುಂದೆ ನಡೆದಿದ್ದರೆ ಈ ಕಥೆಯೇ ಹುಟ್ಟುತ್ತಿರಲಿಲ್ಲ.

ದಂತಶಿಲ್ಪಿ ಎನ್ನುವುದು ಅತ್ತೆ ಕೊಟ್ಟ ಬಿರುದು. ಅಳಿಯನ ಉದ್ಯೋಗ ಹಲ್ಲಿನ ಸೆಟ್ಟು ತಯಾರಿಸುವುದು. ಹಲ್ಲಿನ ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ; ಇವರು ಲ್ಯಾಬಿನಲ್ಲಿ ಕೂತು ಒಂದೊಂದೇ ಹಲ್ಲನ್ನು ಕಡೆದು, ತೀಡಿ, ಬಣ್ಣ ಹೊಂದಿಸಿ ಕೊಡುತ್ತಾರೆ. ನಮ್ಮ ನಿಮ್ಮ ಕಣ್ಣಿಗೆ ಬಿಳಿ ಎಂದರೆ ಬಿಳಿ, ಅಷ್ಟೇ. ಅವರ ಕಣ್ಣಿಗೆ ಬಿಳಿಯಲ್ಲೇ ಒಂದು ತುಂಬು ಸಂಸಾರವಿದೆ: ಹಾಲುಬಿಳಿ, ಮೂಳೆಬಿಳಿ, ಕಾಫಿ ಕುಡಿಯುವವರ ಬಿಳಿ, ಸಿಗರೇಟು ಬಿಟ್ಟಿದ್ದೇನೆ ಎಂದು ಸುಳ್ಳು ಹೇಳುವವರ ಬಿಳಿ. ಇಂಥ ಕಣ್ಣು ಲ್ಯಾಬಿನಲ್ಲಿ ವರ, ಮನೆಯಲ್ಲಿ ಶಾಪ. (ಗೋಡೆಗೆ ಒಂದು ಕ್ಯಾಲೆಂಡರ್ ನೇತುಹಾಕಬೇಕಾದರೂ ಇವರು ದೂರ ನಿಂತು ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ಅಷ್ಟರಲ್ಲಿ ತಿಂಗಳು ಮುಗಿದಿರುತ್ತದೆ.)

ಓದುವ ವಯಸ್ಸಿನಲ್ಲಿ ಅವರು ಒಂದು ಕಂಪ್ಯೂಟರ್ ಆಟಕ್ಕೆ ಮರುಳಾಗಿದ್ದರು. ಆಡುವವರೇ ಅಲೆಮಾರಿ ಯೋಧನ ಪಾತ್ರ ವಹಿಸಿಕೊಂಡು, ಊರೂರು ಸುತ್ತಿ, ಕಂಡವರನ್ನೆಲ್ಲ ಮಾತಾಡಿಸಿ, ಕಾಣೆಯಾದ ರಾಣಿಯನ್ನು ಪತ್ತೆಹಚ್ಚುವ ಆಟ. ಅರ್ಧ ದಾರಿಗೆ ಬರುವಷ್ಟರಲ್ಲಿ ಕೆಲಸ ಸಿಕ್ಕಿತು, ಮದುವೆಯಾಯಿತು, ಲ್ಯಾಬು ಶುರುವಾಯಿತು. ರಾಣಿ ಕಾಣೆಯಾದವಳು ಕಾಣೆಯಾಗಿಯೇ ಉಳಿದಳು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆ ಹಲ್ಲು ಕಟ್ಟುವವರನ್ನೂ ಬಿಡುವುದಿಲ್ಲ.

ಈಗ ಲ್ಯಾಬಿನಲ್ಲಿ ಹಲ್ಲು ಸುಡುವ ಕುಲುಮೆ ಕೆಟ್ಟು, ರಿಪೇರಿಯಾಗುವ ತನಕ ಬಾಗಿಲು ಹಾಕಬೇಕಾಗಿ ಬಂದಿತ್ತು. "ಈ ರಜೆಯಲ್ಲಿ ನಾವಿಬ್ರೂ ಸೇರಿ ರಾಣೀನ ಹುಡುಕೋಣ," ಎಂದು ಅವರು ಹೆಂಡತಿಗೆ ಮಾತು ಕೊಟ್ಟರು. ಔಷಧಿ ಅಂಗಡಿಯಲ್ಲಿ ದಿನವಿಡೀ ನಿಂತೇ ಕೆಲಸ ಮಾಡುವ ಆಕೆ, ಜೊತೆಯವಳ ಕೈಕಾಲು ಹಿಡಿದು ಸಂಜೆಯ ಪಾಳಿ ಬದಲಾಯಿಸಿಕೊಂಡು ಬಂದಳು. ಗಂಡ ಹೆಂಡತಿ ಒಂದೇ ಕಡೆ, ಒಂದೇ ಹೊತ್ತಿಗೆ, ಒಂದೇ ವಸ್ತುವನ್ನು ನೋಡುತ್ತ ಕೂತು ಎಷ್ಟು ಕಾಲವಾಗಿತ್ತೋ!

ಆಟವನ್ನು ಮೊದಲು ಹಳೆಯ ಲ್ಯಾಪ್‌ಟಾಪಿಗೆ ಹಾಕಿ ನೋಡಿದರು. ಚೆಂದ ಕಾಣಲಿಲ್ಲ. ಹೊಸ ಕಂಪ್ಯೂಟರಿಗೆ ಹಾಕಿದರು. ಅಲ್ಲಿ ಕುರೂಪ ಇನ್ನಷ್ಟು ಸ್ಪಷ್ಟವಾಗಿ ಕಂಡಿತು. ಆಗಲೇ ಹುಲ್ಲಿನ ಮಾತು ಬಂದದ್ದು.

ಹಳೆಯ ಆಟಗಳ ರೂಪ ತಿದ್ದಲು ಅಭಿಮಾನಿಗಳೇ ತಯಾರಿಸಿ ಪುಕ್ಕಟೆ ಹಂಚುವ ತೇಪೆಗಳಿವೆ. ಅವಕ್ಕೆ 'ಮಾಡ್' ಎನ್ನುತ್ತಾರೆ. ಒಮ್ಮೆ ಹಿಡಿದರೆ ಮಾಡುತ್ತಲೇ ಇರಬೇಕಾದ್ದರಿಂದ ಆ ಹೆಸರು ಬಂದಿರಬೇಕು.

"ನೀನು ಹತ್ತೇ ನಿಮಿಷ ತಾಳು. ಹುಲ್ಲೊಂದು ಸರಿಮಾಡ್ತೀನಿ, ಆಮೇಲೆ ಶುರು," ಎಂದರು ದಂತಶಿಲ್ಪಿಗಳು.

ಹೊಸ ಹುಲ್ಲು ಸೊಗಸಾಗಿಯೇ ಬಂತು. ಗಾಳಿಗೆ ಓಲಾಡಿತು. ಆದರೆ ಅದಕ್ಕೆ ಒಳಗು ಹೊರಗು ತಿಳಿಯಲಿಲ್ಲ. ಅರಮನೆಯ ಸಭೆಯಲ್ಲಿ ಬೆಳೆಯಿತು, ಮಂತ್ರಿಯ ಮಂಚವನ್ನು ಸೀಳಿಕೊಂಡು ಬೆಳೆಯಿತು. ರಾಜ ಸಿಂಹಾಸನದ ಮೇಲೆ ಕುತ್ತಿಗೆಯವರೆಗೆ ಹುಲ್ಲಿನಲ್ಲಿ ಮುಳುಗಿ, "ನನ್ನ ರಾಣಿ ಎಲ್ಲಿ?" ಎಂದು ಕೇಳುತ್ತಿದ್ದ.

"ಅಲ್ಲೇ ಹುಲ್ಲಲ್ಲಿ ಇರ್ಬೇಕು, ಸರಿಯಾಗಿ ಹುಡುಕೋಕೆ ಹೇಳಿ," ಎಂದಳು ಹೆಂಡತಿ.

ಹುಲ್ಲನ್ನು ಹೊರಗಟ್ಟುವಷ್ಟರಲ್ಲಿ ಆ ಸಂಜೆ ಕಳೆಯಿತು. ಮರುದಿನ ನೀರು. ನದಿ ಕನ್ನಡಿಯಂತೆ ಹೊಳೆಯಿತು. ದೋಣಿಗಳು ಮಾತ್ರ ನೀರನ್ನು ಬಿಟ್ಟು ಆಳೆತ್ತರದಲ್ಲಿ ತೇಲಾಡಿದವು. ಅವನ್ನು ಇಳಿಸಿದ ಮೇಲೆ ಮುಖಗಳು. ಹೊಸ ಮುಖಗಳಲ್ಲಿ ರೋಮರಂಧ್ರಗಳೂ ಕಾಣುತ್ತಿದ್ದವು. ದಂತಶಿಲ್ಪಿಗಳು ಹಿರಿಹಿರಿ ಹಿಗ್ಗಿದರು. ಅಷ್ಟರಲ್ಲಿ ಹಳ್ಳಿಯ ಕಮ್ಮಾರ ನಕ್ಕ.

ಇವರ ಮುಖ ಕಪ್ಪಿಟ್ಟಿತು. "ಅಯ್ಯೋ, ಕಮ್ಮಾರನಿಗೆ ಇಷ್ಟು ಬಿಳಿ ಹಲ್ಲು ಎಲ್ಲಿಂದ ಬಂತು? ದಿನಾ ಹೊಗೆ ಮುಂದೆ ನಿಲ್ಲೋನು!"

"ರೀ, ಅವನು ಬಾಯಿ ತೆಗೆಯೋದೇ ಒಂದ್ಸಲ. ಕತ್ತಿ ಕೊಡ್ತಾನೆ, ಮುಚ್ಕೋತಾನೆ."

"ಆ ಒಂದ್ಸಲ ನಂಗೆ ಕಾಣತ್ತಲ್ಲ!"

ಎಂದವರೇ ಬಣ್ಣದ ತಂತ್ರಾಂಶವೊಂದನ್ನು ತೆರೆದು, ಕಮ್ಮಾರನ ಹಲ್ಲಿಗೆ ಹೊಗೆಯ ಕಲೆ ಬಳಿಯತೊಡಗಿದರು. ಪುರೋಹಿತನಿಗೆ ಬೇರೆ ಬಣ್ಣ, ಕಳ್ಳನಿಗೆ ಒಂದು ಮುರುಕು, ಅಜ್ಜಿಗೆ ಎರಡು ಖಾಲಿ. ಒಂದಿಡೀ ರಾಜ್ಯಕ್ಕೆ ಉಚಿತ ದಂತ ಶಿಬಿರ! ತಲೆಯೆತ್ತಿ ನೋಡಿದಾಗ ಪಕ್ಕದ ಕುರ್ಚಿ ಖಾಲಿಯಿತ್ತು.

ಅವರು ಅಡುಗೆಮನೆಯ ಕಡೆ ತಿರುಗಿ, "ಬಾರೇ, ಇನ್ನೇನು ಆಯ್ತು!" ಎಂದು ಕೂಗಿದರು.

ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲೇ ನಿಂತಳು. ಜಗಳದ ದನಿ ಇರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು.

"ನಿಮ್ದು ಯಾವಾಗ್ಲೂ 'ಇನ್ನೇನು ಆಯ್ತು'. ಗೋಡೆಗೆ ಬಣ್ಣ ಆಗ್ಲಿ, ಆಮೇಲೆ ಜನಾನ ಊಟಕ್ಕೆ ಕರೆಯೋಣ ಅಂದ್ರಿ. ಬಣ್ಣ ಆಯ್ತು, ಪರದೆ ಹೊಂದ್ತಿಲ್ಲ ಅಂದ್ರಿ. ಫೋಟೋ ತೆಗೆಸ್ಕೊಳ್ಳೋಣ ಅಂದ್ರೆ ಬೆಳಕು ಸರಿಯಿಲ್ಲ. ನಾನು ಆಟ ಆಡೋಕೆ ಬಂದಿದ್ದಲ್ಲ ಕಣ್ರೀ. ನಿಮ್ಮ ಜೊತೆ ಕೂತ್ಕೊಳ್ಳೋಕೆ ಬಂದಿದ್ದೆ."

ಸಿಕ್ಕಿಬಿದ್ದ ಗಂಡಂದಿರು ಮಾಡುವುದನ್ನೇ ದಂತಶಿಲ್ಪಿಗಳೂ ಮಾಡಿದರು: ಕೆಲಸದ ಕಡೆ ತಿರುಗಿಕೊಂಡರು. ಆಕೆ ಒಳಕೋಣೆಗೆ ಹೋದಳು. ಮಂಡಿಯ ಆಪರೇಷನ್ ಮಾಡಿಸಿಕೊಂಡಿದ್ದ ಅತ್ತೆ ಅಲ್ಲಿ ಕಾಲು ಚಾಚಿ ಮಲಗಿರುತ್ತಿದ್ದರು. ಅವರು ನಿವೃತ್ತ ಹೆಡ್‌ಮಿಸ್. ಬೇಸರ ಕಳೆಯಲಿ ಎಂದು ಹಳೆಯ ಲ್ಯಾಪ್‌ಟಾಪನ್ನು ಅವರ ಕೈಗೆ ಕೊಟ್ಟಾಗಿತ್ತು.

ಅಲ್ಲಿಂದ ಮುಂದೆ ಸಂಜೆಗಳು ಎರಡು ಪಾಲಾದವು. ಹೆಂಡತಿ ಅಂಗಡಿಯಿಂದ ಬಂದವಳು ನೇರವಾಗಿ ಅಮ್ಮನ ಕೋಣೆಗೆ ಹೋಗುತ್ತಿದ್ದಳು. ಅಲ್ಲಿಂದ ಆಗಾಗ ನಗು ಕೇಳಿಸುತ್ತಿತ್ತು. ಯಾವುದೋ ಧಾರಾವಾಹಿ ಇರಬೇಕು ಎಂದುಕೊಂಡು ದಂತಶಿಲ್ಪಿಗಳು ಮಂಜಿಗೆ ಕೈಹಚ್ಚಿದರು.

ಆ ಆಟದಲ್ಲಿ ಎತ್ತ ನೋಡಿದರೂ ದೂರದಲ್ಲಿ ಮಂಜು. ಚಿಕ್ಕ ವಯಸ್ಸಿನಲ್ಲಿ ಅದರೊಳಗೆ ನಡೆಯುತ್ತ, ಇದರಾಚೆ ಇನ್ನೆಷ್ಟು ಊರುಗಳಿವೆಯೋ ಎಂದು ಅವರ ಎದೆ ಡವಗುಟ್ಟುತ್ತಿತ್ತು. ಈಗ ಮಂಜನ್ನು ತೆಗೆದುಹಾಕುವ ಮಾಡ್ ಸಿಕ್ಕಿತು. ಹಾಕಿದರು. ಮಂಜು ಸರಿಯಿತು.

ರಾಜ್ಯವೆಲ್ಲ ಒಂದೇ ನೋಟಕ್ಕೆ ಬಿತ್ತು. ದಾರಿ ತಪ್ಪಿ ಅಲೆದಿದ್ದ ಮರುಭೂಮಿ ಅಂಗಳದಷ್ಟಿತ್ತು. ಕೊನೆಯ ಕೋಟೆ, ಅಷ್ಟೆಲ್ಲ ಬೆಟ್ಟ ಹತ್ತಿ ತಲುಪಬೇಕಾದ ಆ ನಿಗೂಢ ಕೋಟೆ, ಮೊದಲ ಹಳ್ಳಿಯ ಬೆನ್ನಿಗೇ ಪಕ್ಕದ ಮನೆಯ ನೀರಿನ ಟ್ಯಾಂಕಿನಂತೆ ನಿಂತಿತ್ತು. ಅಂದಿನ ಯಂತ್ರಗಳಿಗೆ ಶಕ್ತಿ ಸಾಲದೆ, ಆಟ ಮಾಡಿದವರು ಇಲ್ಲದ್ದನ್ನೆಲ್ಲ ಮಂಜಿನ ಹಿಂದೆ ಇಟ್ಟಿದ್ದರು. ಉಳಿದದ್ದನ್ನು ಹುಡುಗರ ಮನಸ್ಸು ಕಟ್ಟಿಕೊಂಡಿತ್ತು.

ತೀರ ಬಿಳಿಯ ಹಲ್ಲು ಕೇಳುವ ಗಿರಾಕಿಗಳಿಗೆ ದಂತಶಿಲ್ಪಿಗಳು ತಾವೇ ಎಷ್ಟೋ ಸಲ ಹೇಳಿದ್ದರು: ಅಷ್ಟು ಚೆಂದ ಮಾಡಿಸಬೇಡಿ, ಬಾಯಿ ನಿಮ್ಮದಲ್ಲ ಅನ್ನಿಸಿಬಿಡತ್ತೆ. ಆ ಮಾತು ತಮಗೂ ತಾಕಬಹುದೆಂದು ಅವರಿಗೆ ಇಷ್ಟು ದಿನ ಹೊಳೆದಿರಲಿಲ್ಲ. ಗಡಿಬಿಡಿಯಲ್ಲಿ ಮಂಜನ್ನು ವಾಪಸು ತರಲು ಹೋದರು. ಹುಲ್ಲು, ನೀರು, ಹಲ್ಲು ಎಲ್ಲ ಒಂದಕ್ಕೊಂದು ಸಿಕ್ಕಿಕೊಂಡು ಪರದೆ ಕಪ್ಪಾಯಿತು. ಮತ್ತೆ ಆಟ ತೆರೆಯಲೇ ಇಲ್ಲ.

ಆಗ ಒಳಕೋಣೆಯಿಂದ ಅತ್ತೆಯ ದನಿ ಕೇಳಿಸಿತು: "ನಿಂಗೆ ಒಂದ್ಸಲ ಹೇಳಿದ್ರೆ ಅರ್ಥ ಆಗಲ್ವೇನೋ? ಬಾಗಿಲು ತೆಗಿ! ನಿಮ್ಮ ರಾಣಿ ಕಾಗದ ನನ್ನ ಹತ್ರ ಇದೆ!"

ದಂತಶಿಲ್ಪಿಗಳು ದಡಬಡಿಸಿ ಎದ್ದು ಹೋಗಿ ನೋಡಿದರು. ಮಂಚದ ಮೇಲೆ ಲ್ಯಾಪ್‌ಟಾಪ್. ಅದರಲ್ಲಿ ಹಳೆಯ ಆಟ, ತೇಪೆಯಿಲ್ಲದ, ತೀಡದ, ಆಲೂಗಡ್ಡೆ ಮುಖದ ಆಟ. ಅತ್ತೆಯ ಬೆರಳು ಕೀಲಿಗಳ ಮೇಲೆ. ಮಗಳು ಪಕ್ಕದಲ್ಲಿ ದಿಂಬಿಗೆ ಒರಗಿ ದಾರಿ ಹೇಳುತ್ತಿದ್ದಳು. ಯೋಧ ನಿಂತಿದ್ದದ್ದು ಕೊನೆಯ ಕೋಟೆಯ ಬಾಗಿಲಲ್ಲಿ, ಕಾವಲುಗಾರನ ಎದುರಿಗೆ!

"ಅತ್ತೆ! ನೀವು... ಇಲ್ಲಿವರೆಗೆ ಬಂದ್ರಾ?"

"ಇನ್ನೇನು ಮಾಡ್ಲಿ ಅಳಿಯಂದಿರೇ, ಕಾಲಂತೂ ನಡೆಯಲ್ಲ. ಇವನಾದ್ರೂ ನಡೀಲಿ ಅಂತ."

"ಆ ಹುಲ್ಲು ನಿಮ್ಮ ಕಣ್ಣಿಗೆ ಚುಚ್ಚಲಿಲ್ವಾ?"

ಅತ್ತೆ ಕನ್ನಡಕದ ಮೇಲಿಂದ ನೋಡಿದರು. "ಯಾವ ಹುಲ್ಲು? ನಾನು ಆ ದೋಣಿ ಮುದುಕನ ಮಗ ಬದುಕಿದಾನೋ ಇಲ್ವೋ ಅನ್ನೋ ಚಿಂತೇಲಿದ್ದೆ. ಬದುಕಿದಾನೆ, ಪಾಪ. ಸೆರೆಮನೇಲಿದ್ದ."

ದೋಣಿ ಮುದುಕನಿಗೊಬ್ಬ ಮಗನಿದ್ದ ಎಂಬುದೇ ದಂತಶಿಲ್ಪಿಗಳಿಗೆ ಗೊತ್ತಿರಲಿಲ್ಲ. ಆ ಮುದುಕನ ಬಾಯಲ್ಲಿ ಎಷ್ಟು ಹಲ್ಲಿವೆ ಎಂಬುದು ಮಾತ್ರ ಗೊತ್ತಿತ್ತು.

"ನಾನೂ ಕೂತು ನೋಡ್ಲಾ?" ಎಂದು ಅವರು ಹೆಂಡತಿಯ ಮುಖ ನೋಡಿದರು.

ಆಕೆ ಸರಿದು ಜಾಗ ಮಾಡಿದಳು. ಆಮೇಲೆ ಏನೋ ನೆನಪಾದವಳಂತೆ, "ಕೂತ್ಕೊಳ್ಳಿ, ಅದಕ್ಕೆ ಮುಂಚೆ ಮೂರು ಲೋಟ ಟೀ ಮಾಡ್ಕೊಂಡು ಬನ್ನಿ. ಅಮ್ಮ ಮಧ್ಯಾಹ್ನದಿಂದ ಯುದ್ಧ ಮಾಡ್ತಿದಾರೆ," ಎಂದಳು.

"ನಾನು ಬರೋ ತನಕ ಒಳಗೆ ಹೋಗ್ಬೇಡಿ ಅತ್ತೆ, ದಮ್ಮಯ್ಯ!"

"ಹೋಗಲ್ಲ, ಬೇಗ ಬನ್ನಿ," ಎಂದರು ಅತ್ತೆ.

ದಂತಶಿಲ್ಪಿಗಳು ಬೇಗವೇ ಬರುತ್ತಿದ್ದರು. ಆದರೆ ಟೀಯ ಬಣ್ಣ ಬರಲಿಲ್ಲ. ತುಸು ಹಾಲು ಹೆಚ್ಚಾಗಿತ್ತು. ಟೀ ಪುಡಿ ಹಾಕಿದರು, ಕಪ್ಪಾಯಿತು. ಹಾಲು ಹಾಕಿದರು, ಪೇಲವವಾಯಿತು. ಕಿಟಕಿಯ ಬೆಳಕಿಗೆ ಲೋಟ ಹಿಡಿದು, ಒಂದು ಕಣ್ಣು ಮುಚ್ಚಿ, ಹದವಾಯಿತೆಂದು ತೃಪ್ತಿಪಟ್ಟು ತಟ್ಟೆ ಹಿಡಿದು ಬಂದಾಗ, ಪರದೆಯ ಮೇಲೆ ಆಟ ತಯಾರಿಸಿದವರ ಹೆಸರುಗಳು ಸಾಲುಸಾಲಾಗಿ ಮೇಲೇರುತ್ತಿದ್ದವು. ತಾಯಿ ಮಗಳು ಇಬ್ಬರೂ ಕಣ್ಣೊರೆಸಿಕೊಳ್ಳುತ್ತಿದ್ದರು.

"ಮುಗೀತಾ?"

"ಆ ಕಾವಲುಗಾರ ಬಾಗಿಲು ತೆಗೆದುಬಿಟ್ಟ ಅಳಿಯಂದಿರೇ. ನಿಲ್ಲು ಅಂದ್ರೂ ನಿಲ್ಲಲಿಲ್ಲ."

"ರಾಣಿ ಸಿಕ್ಕಿದ್ಲಾ? ಎಲ್ಲಿದ್ಲು? ಯಾಕೆ ಹೋಗಿದ್ಲು?"

ತಾಯಿ ಮಗಳು ಮುಖ ಮುಖ ನೋಡಿಕೊಂಡರು. ಹೆಂಡತಿ ಟೀ ಗುಟುಕರಿಸಿ, "ಬಣ್ಣ ಬಹಳ ಚೆನ್ನಾಗಿ ಬಂದಿದೆ," ಎಂದಳು. "ಹೇಳಿದ್ರೆ ಮಜಾ ಹೋಗತ್ತೆ. ನೀವೇ ಆಡಿ ನೋಡಿ. ಇದರಲ್ಲೇ, ಈಗ್ಲೇ."

ಲ್ಯಾಪ್‌ಟಾಪ್ ಅವರ ತೊಡೆಗೆ ಬಂತು. ಒಂದು ಪಕ್ಕ ಹೆಂಡತಿ, ಇನ್ನೊಂದು ಪಕ್ಕ ಅತ್ತೆ. ದಂತಶಿಲ್ಪಿಗಳು ಉಸಿರು ಬಿಗಿಹಿಡಿದು ಹೊಸ ಆಟ ಒತ್ತಿದರು, ಯೋಧನನ್ನು ನಡೆಸಿದರು, ಮಂಜಿನಲ್ಲಿ ಮೊದಲ ಸೇತುವೆ ಹತ್ತಿದರು, ಮತ್ತು ಅದರ ಮೇಲಿಂದ ನೇರವಾಗಿ ನದಿಗೆ ಬಿದ್ದು ಸತ್ತರು.

"ಪರವಾಗಿಲ್ಲ," ಎಂದರು ಹೆಡ್‌ಮಿಸ್, ಎಷ್ಟೋ ಹೆಡ್ಡ ಮಕ್ಕಳ ಬೆನ್ನು ಸವರಿ ಅಭ್ಯಾಸವಿದ್ದ ದನಿಯಲ್ಲಿ. "ಮತ್ತೆ ಮೊದಲಿಂದ."

ಹೆಂಡತಿ ಅವರ ಕೈಯ ಮೇಲೆ ಕೈಯಿಟ್ಟು ಬಾಣದ ಕೀಲಿ ತೋರಿಸಿಕೊಟ್ಟಳು. ಆ ಸಂಜೆ ಅವರು ಇನ್ನೂ ಹಲವು ಸಲ ಸತ್ತರು. ಒಂದು ಸಲವೂ ಬೇಗ ಕಲಿಯುವ ಆತುರ ತೋರಿಸಲಿಲ್ಲ.