ಒಂದು ಕೆಟ್ಟ ಕಾಯಿ ಬೇಕಾಗಿದೆ

ರಾಜಶೇಖರನ ಗ್ರಹಚಾರ ಶುರುವಾದದ್ದು ಮಾವನವರ ಮರ್ಯಾದೆಯಿಂದ. ಮಾವ ಷಡಕ್ಷರಪ್ಪನವರಿಗೆ ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ, ಮನೆ ಮೇಲೆ ದೊಡ್ಡ ಅಟ್ಟ, ಅಟ್ಟದ ತುಂಬ ಕಾಯಿ. ವರ್ಷಗಟ್ಟಲೆ ಅಟ್ಟದಲ್ಲಿಟ್ಟ ಕಾಯಿಯೊಳಗೆ ನೀರು ಆರಿ ಉಂಡೆ ಕೊಬ್ಬರಿಯಾಗಿದೆಯೋ, ಕೊಳೆತಿದೆಯೋ ಎಂಬುದನ್ನು ಅಲ್ಲಾಡಿಸಿ ಸದ್ದಿನಿಂದಲೇ ಹೇಳುವವಳು ಕೆಲಸದ ಮುದುಕಿ ಗಿಡ್ಡಮ್ಮ. ಆ ಸದ್ದನ್ನು ಫೋನೇ ಕೇಳಿ ಹೇಳುವಂಥ ಆಪ್ ಒಂದನ್ನು ರಾಜಶೇಖರ ಮೂರು ವರ್ಷ ಕೂತು ಮಾಡಿದ್ದ. ಮಾವ ಮಾತ್ರ ಅದನ್ನು ತಮ್ಮ ಫೋನಿನ ಹತ್ತಿರಕ್ಕೂ ಬಿಟ್ಟುಕೊಂಡಿರಲಿಲ್ಲ.

ಇವತ್ತು ಹನ್ನೊಂದಕ್ಕೆ ಸಿಂಗಪುರದ ಕಂಪನಿಯೊಂದು ವಿಡಿಯೋ ಕಾಲಿನಲ್ಲಿ ಆಪನ್ನು ಪರೀಕ್ಷೆ ಮಾಡುವುದಿತ್ತು. ಒಪ್ಪಿದರೆ ಅದು ಶ್ರೀಲಂಕಾ, ಇಂಡೋನೇಷ್ಯಾಗಳಿಗೆಲ್ಲ ಹೋಗುತ್ತದೆ. ಒಪ್ಪದಿದ್ದರೆ ಸೋಮವಾರದಿಂದ ಮಂಡಿಯಲ್ಲಿ ಬಂದು ಕೂರುತ್ತೇನೆಂದು ಅವನು ಮಾವನಿಗೆ ಮಾತು ಕೊಟ್ಟಿದ್ದ. ಮಂಡಿಯಲ್ಲಿ ಕೂರುವುದೆಂದರೆ ಬೆಳಗಿನಿಂದ ಸಂಜೆಯವರೆಗೆ ‘ಹೂಂ ಮಾವ’ ಅನ್ನುವುದು. ಮನೆ ಅಳಿಯನಾಗಿ ಊಟದ ಹೊತ್ತಿನಲ್ಲಿ ಅದನ್ನು ಅಂದೂ ಅಂದೂ ಅವನಿಗೆ ಆಗಲೇ ಸಾಕಾಗಿ ಹೋಗಿತ್ತು.

ಒಳ್ಳೆಯದು, ಕೆಟ್ಟದ್ದು ಬೆರೆಸಿ ಇಪ್ಪತ್ತು ಕಾಯಿ ಇಟ್ಟುಕೊಳ್ಳಿ ಎಂದು ಕಂಪನಿಯ ಮೇಡಂ ಮೊದಲೇ ಹೇಳಿದ್ದರು. ಅವನು ಹಾಗೇ ಆರಿಸಿ ನಡುಮನೆಯಲ್ಲಿ ಇಟ್ಟಿದ್ದ. ಹನ್ನೊಂದಕ್ಕೆ ಸರಿಯಾಗಿ ಮೇಡಂ ಲ್ಯಾಪ್‌ಟಾಪಿನಲ್ಲಿ ಕಾಣಿಸಿಕೊಂಡರು. ರಾಜಶೇಖರ ಒಂದು ಕಾಯಿ ಎತ್ತಿ ಫೋನಿನ ಹತ್ತಿರ ಅಲ್ಲಾಡಿಸಿದ. ‘ಸಿದ್ಧ’ ಎಂದಿತು ಫೋನು. ಒಳಗೆ ಕೊಬ್ಬರಿಯಾಗಿದೆ ಎಂದು ಅರ್ಥ. ಎರಡನೆಯದು, ಸಿದ್ಧ. ಹತ್ತನೆಯದು, ಸಿದ್ಧ. ಮೇಡಂ ಹೇಳಿದ ಐದನ್ನು ಒಡೆದು ತೋರಿಸಿದ. ಐದರಲ್ಲೂ ಮಲ್ಲಿಗೆಯಂಥ ಕೊಬ್ಬರಿ.

ಹದಿನಾರನೆಯದಕ್ಕೆ ಮೇಡಂ ಹುಬ್ಬು ಗಂಟಿಕ್ಕಿದರು. ಎಲ್ಲದಕ್ಕೂ ಹೂಂ ಅನ್ನುವ ಆಪನ್ನು ಯಾರು ಬೇಕಾದರೂ ಮಾಡಬಹುದು, ಒಂದು ಕೆಟ್ಟ ಕಾಯಿ ತೋರಿಸಿ ಎಂದರು. ರಾಜಶೇಖರ ಉಳಿದ ನಾಲ್ಕನ್ನೂ ಅಲ್ಲಾಡಿಸಿದ. ನಾಲ್ಕೂ ಸಿದ್ಧವೇ. ಅವನು ಮೂಲೆಯಲ್ಲಿ ಕೂತಿದ್ದ ಗಿಡ್ಡಮ್ಮನ ಕಡೆ ತಿರುಗಿದ.

“ಗಿಡ್ಡಮ್ಮ, ಇದ್ರಲ್ಲಿ ಕೆಟ್ಟವು ಇದ್ವಲ್ಲ?”

“ಬೆಳಿಗ್ಗೆನೇ ತೆಗೆದಾಕ್ದೆ ಕಣಪ್ಪ. ಯಜಮಾನ್ರು ಒಳ್ಳೇವೇ ಇಡು ಅಂದ್ರು. ಕೆಟ್ಟವು ನೀರೊಲೆಗೆ ಹೋದೋ.”

ಷಡಕ್ಷರಪ್ಪನವರು ಬಾಗಿಲಲ್ಲೇ ನಿಂತಿದ್ದರು. ಅಟ್ಟದ ಕೀಲಿ ಅವರ ಜೇಬಿನಲ್ಲಿತ್ತು. “ಮಾವ, ಅಟ್ಟದಿಂದ ಒಂದು ಕೊಳೆತದ್ದು ತರ್ತೀನಿ, ಕೀಲಿ ಕೊಡಿ” ಎಂದು ಅಳಿಯ ಗೋಗರೆದ.

“ಏನ್ ಮಾತು ಅಂತ ಆಡ್ತೀರಿ ಅಳಿಯಂದ್ರೆ? ಹೊರದೇಶದವ್ರ ಮುಂದೆ ಕೊಳೆತ ಕಾಯಿ ಹಿಡಿಯೋದಾ? ನಮ್ಮ ಮಂಡೀಲಿ ಅಂಥದ್ದು ನಡೆದಿಲ್ಲ.”

ಕೆಟ್ಟವನ್ನೆಲ್ಲ ಗಿಡ್ಡಮ್ಮ ಸದ್ದು ಕೇಳಿಯೇ ಆರಿಸಿ ತೆಗೆದಿದ್ದಾಳೆಂದು ಅವನು ಹೇಳಿದ ಮೇಲೆ ಮೇಡಂ ಹದಿನೈದು ನಿಮಿಷ ಕೊಟ್ಟರು. ರಾಜಶೇಖರ ಚಪ್ಪಲಿಯನ್ನೂ ಮೆಟ್ಟದೆ ಬೀದಿಗೆ ಓಡಿದ. ಬೀದಿಯಲ್ಲಿ ಮನೆಗೊಂದು ಅಟ್ಟ. ಪಕ್ಕದ ಮನೆ ಗುರುಸಿದ್ದಮ್ಮನವರು ಬಾಗಿಲಲ್ಲೇ ಸಿಕ್ಕರು.

“ಅತ್ತೆ, ಒಂದು ಕೆಟ್ಟ ಕಾಯಿ ಇದ್ರೆ ಕೊಡಿ.”

“ಕೆಟ್ಟದ್ದು ನಮ್ಮನೇಲೇ ಇರುತ್ತೆ ಅಂತ ನಿಂಗೆ ಯಾರೋ ಹೇಳಿದ್ದು? ನಿಮ್ಮ ಮಾವನಾ?” ಎಂದು ಅವರು ಸೆರಗು ಸಿಕ್ಕಿಸಿಕೊಂಡರು. ಹತ್ತು ವರ್ಷದ ಹಿಂದಿನ ಕಾಂಪೌಂಡ್ ಗಲಾಟೆಯೂ ಹೊರಗೆ ಬಂತು. ಮುಂದಿನ ನಾಲ್ಕು ಮನೆಗಳಲ್ಲೂ ಹೆಚ್ಚು ಕಡಿಮೆ ಇದೇ ಮಂಗಳಾರತಿ. ತೆಂಗಿಗೇ ಹೆಸರಾದ ಊರಿನಲ್ಲಿ ಒಂದು ಕೊಳೆತ ಕಾಯಿಗೆ ಇಂಥ ಬರ ಬಂದೀತೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ.

ಕೊನೆಗೆ ಕರುಣೆ ತೋರಿದವರು ರಿಟೈರ್ಡ್ ಮೇಷ್ಟ್ರು ಗಂಗಾಧರಯ್ಯ. ಕಾಯಿಯನ್ನು ಟವೆಲಿನಲ್ಲಿ ಸುತ್ತಿ ತಂದು, “ಪೂರ್ತಿ ಕೊಳೆತಿದೆ ಕಣಯ್ಯ. ಯಾರ ಮನೇದು ಅಂತ ಮಾತ್ರ ಬಾಯಿ ಬಿಡ್ಬೇಡ” ಎಂದು ಕಿವಿಯಲ್ಲಿ ಹೇಳಿದರು.

ರಾಜಶೇಖರ ಏದುಸಿರು ಬಿಡುತ್ತ ಬಂದು ಅದನ್ನು ಅಲ್ಲಾಡಿಸಿದ. ‘ಸಿದ್ಧ’ ಎಂದಿತು ಫೋನು. ಇದು ಕೊಳೆತದ್ದೆಂದು ಅವನೇ ಈಗಷ್ಟೇ ಮೇಡಂಗೆ ಹೇಳಿಯಾಗಿತ್ತು. ಆದರೂ ಒಡೆದ. ಎಲ್ಲಕ್ಕಿಂತ ಬೆಳ್ಳಗಿನ ಕೊಬ್ಬರಿ ಹೊರಗೆ ಬಂತು. ಮೇಷ್ಟ್ರಿಗೂ ಮನೆಯ ಮರ್ಯಾದೆ ದೊಡ್ಡದು ನೋಡಿ, ಇದ್ದುದರಲ್ಲೇ ಒಳ್ಳೆಯದನ್ನು ಆರಿಸಿ ಕೊಟ್ಟಿದ್ದರು. ಆಪ್ ಇಪ್ಪತ್ತೊಂದಕ್ಕೆ ಇಪ್ಪತ್ತೊಂದೂ ನಿಜವನ್ನೇ ಹೇಳಿತ್ತು. ಅದನ್ನು ನಂಬುವವರು ಮಾತ್ರ ಯಾರೂ ಇರಲಿಲ್ಲ.

ಮೇಡಂ ಇಂಗ್ಲಿಷಿನಲ್ಲಿ ಏನೋ ಉದ್ದಕ್ಕೆ ಹೇಳಿದರು. ಕೇಳುತ್ತ ಕೇಳುತ್ತ ರಾಜಶೇಖರನ ಮುಖ ಬಿಳಿಚಿಕೊಂಡಿತು.

“ಏನಂತಾರೆ ಅಳಿಯಂದ್ರೆ?”

“ಏನಿಲ್ಲ ಮಾವ. ಇನ್ನೊಂದ್ಸಲ ನೋಡೋಣ ಅಂದ್ರು. ಕಾಯಿ ಅವ್ರಿಗೆ ಇಷ್ಟ ಆಗ್ಲಿಲ್ವಂತೆ.”

ಅಷ್ಟರಲ್ಲಿ ಮೇಡಂ ಅದೇನನ್ನೋ ಒತ್ತಿದರು. ಲ್ಯಾಪ್‌ಟಾಪಿನಿಂದ ವಾರ್ತೆ ಓದುವವರ ದನಿಯಲ್ಲಿ ಸ್ವಚ್ಛ ಕನ್ನಡ ಹೊರಟಿತು.

“ಮಾನ್ಯ ಹಿರಿಯರೇ, ತಮ್ಮ ಅಳಿಯನವರ ಆಪ್ ನಮಗೆ ಬೇಡ. ತಮ್ಮ ಕೊಬ್ಬರಿ ಬಹಳ ಚೆನ್ನಾಗಿದೆ. ನಮ್ಮ ಸೋದರ ಸಂಸ್ಥೆ ಅದನ್ನು ಕೊಳ್ಳಲು ಬಯಸುತ್ತದೆ. ಗುಣಮಟ್ಟವನ್ನು ಕಾಯಿ ಆರಿಸಿದ ಆ ಅಜ್ಜಿ ನೋಡಲಿ. ತಾವು ಈಗ ಕೇಳುತ್ತಿರುವುದು ನಮ್ಮ ಅನುವಾದದ ಆಪ್. ಭಾರತದ ಸಣ್ಣ ಪಟ್ಟಣಗಳಲ್ಲಿ ಇದನ್ನು ಈ ತಿಂಗಳಿನಿಂದ ಮಾರುತ್ತಿದ್ದೇವೆ.”

ಷಡಕ್ಷರಪ್ಪನವರು ಅಳಿಯನ ಸುಳ್ಳನ್ನು ಎತ್ತಿ ಆಡಲಿಲ್ಲ. ಆಡಿದ್ದರೆ ಅವನಿಗೆ ಅಷ್ಟು ನೋಯುತ್ತಿರಲಿಲ್ಲ. ಅವರು ಲ್ಯಾಪ್‌ಟಾಪಿನ ಹತ್ತಿರ ಬಗ್ಗಿ, ಮೊಮ್ಮಗುವನ್ನು ನೋಡುವಂತೆ ಅದನ್ನು ನೋಡಿದರು.

“ಎಷ್ಟು ಚೆಂದಾಗಿ ಮಾತಾಡುತ್ತಲ್ರೀ! ಆಪ್ ಅಂದ್ರೆ ಇದು. ಅಳಿಯಂದ್ರೆ, ಇದನ್ನ ನನ್ನ ಫೋನಿಗೆ ಹಾಕ್ಕೊಡಿ. ಸೋಮವಾರ ಮಂಡೀಲಿ ಕೂತು ಹೆಂಗೆ ಒತ್ತೋದು ಅಂತ ಹೇಳ್ಕೊಡೋರಂತೆ.”

ಮೂರು ವರ್ಷ ಕೂತು ತನ್ನ ಆಪನ್ನು ಹೊರದೇಶಕ್ಕೆ ಕಳಿಸಲು ಹೊರಟಿದ್ದ ರಾಜಶೇಖರ ಕೈ ಚಾಚಿ ಮಾವನ ಫೋನು ತೆಗೆದುಕೊಂಡ.

“ಹೂಂ ಮಾವ” ಎಂದ.