ಹಲ್ಲಿಗೊಂದು ವಾಟರ್‌ಪ್ರೂಫಿಂಗ್

ನನ್ನ ಹೆಂಡತಿಗೆ ನನ್ನ ಉದ್ಯೋಗದ ಮೇಲೆ ಎಳ್ಳಷ್ಟೂ ಗೌರವವಿಲ್ಲ. ನಾನು ವಾಟರ್‌ಪ್ರೂಫಿಂಗ್ ಕಂಟ್ರಾಕ್ಟರ್. ಜನರ ತಲೆಯ ಮೇಲಿನ ಸೂರು ಸೋರದಂತೆ ಕಾಯುವ ಪುಣ್ಯಾತ್ಮ. ಮನೆಯಲ್ಲಿ ಮಾತ್ರ ಕಸದ ಬುಟ್ಟಿ ಹೊರಗಿಡುವ ಖಾತೆಯ ಸಚಿವ (ಅದೂ ಸ್ವತಂತ್ರ ನಿರ್ವಹಣೆಯಲ್ಲ). ಹೀಗಿರುವಾಗ, ಮಗಳಿಗೆ ಹೊಸದಾಗಿ ಬಂದ ದವಡೆಹಲ್ಲುಗಳಿಗೆ ಸೀಲೆಂಟ್ ಹಾಕಿಸಬೇಕೆಂದು ಹೆಂಡತಿಯ ಬಾಯಿಂದಲೇ ಕೇಳಿ ನನಗೆ ರೋಮಾಂಚನವಾಯಿತು.

"ಸೀಲೆಂಟಾ? ನನ್ನ ಗೋಡೌನಲ್ಲಿ ಡಬ್ಬಗಟ್ಟಲೆ ಬಿದ್ದಿದೆಯಲ್ಲೇ!"

"ರೀ, ಅದು ತಾರಸಿಗೆ. ಇದು ಹಲ್ಲಿಗೆ. ನೀವು ಮನೇಲೇ ಇರಿ."

"ಹೆತ್ತ ತಂದೆ ಕಣೇ ನಾನು! ಮೇಲಾಗಿ ಇದೇ ಕಸುಬಿನವನು."

ಹೋದೆ. ದಂತವೈದ್ಯೆ ಚಿಕ್ಕ ವಯಸ್ಸಿನವರು, ಮಾತು ಕಡಿಮೆ. (ಆ ಕೊರತೆಯನ್ನು ತುಂಬುವ ಭಾರ ನನ್ನ ಮೇಲೆ ಬಿತ್ತು.) ಮಗಳನ್ನು ಒರಗುಕುರ್ಚಿಯಲ್ಲಿ ಮಲಗಿಸಿ, ಪುಟ್ಟ ಕನ್ನಡಿ ಹಿಡಿದು ನಮಗೂ ತೋರಿಸಿದರು.

"ಹಲ್ಲಿನ ಮೇಲೆ ಈ ಗೆರೆಗಳಿವೆಯಲ್ಲ, ಇಲ್ಲಿಗೆ ಬ್ರಷ್ಷು ಇಳಿಯಲ್ಲ. ಚಾಕೊಲೇಟ್ ಇಳಿಯತ್ತೆ. ಕ್ರಿಮಿಗಳು ಅದನ್ನ ತಿಂದು ಆಸಿಡ್ ಬಿಡ್ತವೆ. ಎನಾಮಲ್ ಕರಗೋದು ಅದರಿಂದಾನೇ. ಗೆರೆಗಳನ್ನ ಮುಚ್ಚಿಬಿಟ್ರೆ ಅಲ್ಲಿ ಏನೂ ಕೂರಲ್ಲ."

"ಬಿರುಕು ಮುಚ್ಚೋದು ತಾನೇ?" ಎಂದೆ. "ನಮ್ಮ ಕಸುಬೇ ಬಿಡಿ ಡಾಕ್ಟ್ರೇ!"

ಡಾಕ್ಟರು ಹಲ್ಲನ್ನು ಉಜ್ಜಿ ತೊಳೆದು, ಯಾವುದೋ ನೀಲಿ ಜೆಲ್ ಕೈಗೆತ್ತಿಕೊಂಡರು.

"ಅದೇನದು?"

"ಆಸಿಡ್."

ಆಮೇಲೆ ನಡೆದದ್ದಕ್ಕೆ ಪಿತೃವಾತ್ಸಲ್ಯ ಹೊಣೆ, ನಾನಲ್ಲ. ಡಾಕ್ಟರಿಗೂ ಕುರ್ಚಿಗೂ ನಡುವೆ ನುಗ್ಗಿ, ಎರಡೂ ಕೈ ಅಗಲಿಸಿ ನಿಂತು ಗರ್ಜಿಸಿದೆ. "ಆಸಿಡ್ಡಿಂದ ಕಾಪಾಡ್ತೀನಿ ಅಂತ ಆಸಿಡ್ಡೇ ಹಾಕ್ತೀರಾ?" ಹೊರಗೆ ಕಾಯುತ್ತಿದ್ದವರಲ್ಲಿ ಇಬ್ಬರ ಹಲ್ಲುನೋವು ಆ ಕ್ಷಣವೇ ವಾಸಿಯಾಗಿ ಅವರು ಎದ್ದು ಮನೆಗೆ ಹೋದರಂತೆ.

"ಸ್ವಲ್ಪ ಹೊತ್ತು ಇಟ್ಟು ತೊಳೆದುಬಿಡ್ತೀನಿ," ಎಂದರು ಡಾಕ್ಟರು ತಣ್ಣಗೆ. "ಹಲ್ಲು ತೀರಾ ನುಣುಪಾಗಿದ್ರೆ ಸೀಲೆಂಟ್ ಹಿಡ್ಕೊಳ್ಳಲ್ಲ. ಇದರಿಂದ ಒಂಚೂರು ತರಿತರಿ ಆಗತ್ತೆ. ನೀವು ಬಳಿಯೋಕೆ ಮುಂಚೆ ಉಜ್ಜಲ್ವಾ?"

"ಉಜ್ಜದೆ ಇರ್ತೀವಾ!" ಎಂದು ಕೈ ಇಳಿಸಿದೆ.

"ರೀ, ಬಂದು ಕೂತ್ಕೊಳ್ಳಿ," ಎಂದಳು ಹೆಂಡತಿ, ಹಲ್ಲು ಕಚ್ಚಿಕೊಂಡೇ.

ಡಾಕ್ಟರು ಜೆಲ್ ಹಚ್ಚಿ, ತೊಳೆದು, ಗಾಳಿ ಊದಿ ಒಣಗಿಸಿದರು. "ಈಗ ಎಂಜಲು ತಾಗಬಾರದು. ಒದ್ದೆಯಾದ್ರೆ ಸೀಲೆಂಟ್ ಕಿತ್ಕೊಂಡು ಬರತ್ತೆ."

"ಆಹಾ! ಒಣಗಿಸೋದೇ ನಮ್ಮ ಶಾಸ್ತ್ರದ ಪ್ರಾಣ! ತಿಳೀತಾ ಮರಿ?"

"ತಿಳೀತಪ್ಪಾ," ಎಂದಳು ಮಗಳು. ಹಲ್ಲು ಒದ್ದೆ. ಮತ್ತೆ ಜೆಲ್, ಮತ್ತೆ ನೀರು, ಮತ್ತೆ ಗಾಳಿ. ನಾನು ಬಾಯಿ ತೆರೆದಾಗಲೆಲ್ಲ ಅವಳು ಉತ್ತರ ಕೊಡಲು ಬಾಯಿ ಮುಚ್ಚುತ್ತಿದ್ದಳು. ಕೊನೆಗೆ ಡಾಕ್ಟರು ಎಂಜಲು ಹೀರುವ ಹತ್ತಿಯ ಸುರುಳಿಗಳನ್ನು ಹಿಡಿದು ನಿಟ್ಟುಸಿರಿಟ್ಟರು. "ಇದನ್ನ ಯಾರ ಬಾಯಿಗೆ ಇಡಬೇಕೋ ಗೊತ್ತಾಗ್ತಿಲ್ಲ."

"ನನಗೆ ಗೊತ್ತು," ಎಂದು ನನ್ನ ಹೆಂಡತಿ ಎರಡು ಸುರುಳಿ ತೆಗೆದುಕೊಂಡು ನನ್ನ ಎರಡೂ ಕೆನ್ನೆಯೊಳಗೆ ತುರುಕಿದಳು. "ಡಾಕ್ಟ್ರೇ, ಇವರ ತುಟಿಗೂ ಸೀಲೆಂಟ್ ಹಾಕೋಕಾಗತ್ತಾ?"

"ತುಟಿಗೆ ಹಿಡಿಯಲ್ಲ," ಎಂದರು ಡಾಕ್ಟರು, ನಿಜವಾದ ವಿಷಾದದಿಂದ.

ಅದೇ ಹೊತ್ತಿಗೆ ನನ್ನ ಫೋನು ಬಡಿದುಕೊಳ್ಳಬೇಕೆ? ಮಾತಾಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಹೆಂಡತಿ ಕಸಿದುಕೊಂಡು ಸ್ಪೀಕರ್ ಒತ್ತಿದಳು.

"ಏನ್ ಸ್ವಾಮಿ!" ಎಂದು ಗಿರಾಕಿಯೊಬ್ಬರ ಧ್ವನಿ ಕ್ಲಿನಿಕ್ಕನ್ನೆಲ್ಲ ತುಂಬಿತು. "ನೀವು ಬಳಿದಿದ್ದು ಹಾವಿನ ಪೊರೆ ಥರ ಸುಲಿದು ಬರ್ತಿದೆ! ರಾತ್ರಿ ಮಳೆ ಬಂದಿದೆ, ತಾರಸಿ ಇನ್ನೂ ಒದ್ದೆ ಇದೆ ಅಂತ ಅವತ್ತೇ ಬಡ್ಕೊಂಡೆ. ಏನಾಗಲ್ಲ, ಬಳಿದ ಮೇಲೆ ತಾನೇ ಒಣಗತ್ತೆ ಅಂದ್ರಲ್ಲ!"

"ಊಂ! ಊಂ ಊಂ!" ಎಂದು ಕೈ ಬೀಸಿದೆ. (ಅರ್ಥ: ರಾಂಗ್ ನಂಬರ್ ಅಂತ ಹೇಳು.)

"ಊಂ ಅಂದ್ರು ನೋಡಿ," ಎಂದಳು ನನ್ನ ಹೆಂಡತಿ. "ನಾಳೆ ಬೆಳಿಗ್ಗೆನೇ ಬಂದು ಎಲ್ಲಾ ಕೆರೆದು ಹೊಸದಾಗಿ ಹಾಕ್ಕೊಡ್ತಾರೆ. ಬಿಟ್ಟಿಯಾಗಿ."

ನಾನು ಮೆಲ್ಲಗೆ ಡಾಕ್ಟರ ಮುಖ ನೋಡಿದೆ. ಅವರು ನನ್ನ ಕಡೆ ತಿರುಗಲೂ ಇಲ್ಲ. ಮಗಳ ಹಲ್ಲಿಗೆ ಇನ್ನೊಂದು ಸಲ, ಬೇಕೆಂದೇ ನಿಧಾನವಾಗಿ, ಗಾಳಿ ಊದಿ ಒಣಗಿಸಿದರು.