ಉಪ್ಪಿನಕಾಯಿ ಜಾಡಿಯ ಕೆಳಗಿನ ಪೇಪರು

ನಾಳೆ ಉಗಾದಿ ಎನ್ನುವ ದಿನ ರೋಜಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಘೋಷಣೆ ಹೊರಡಿಸಿದಳು: "ಇವತ್ತು ಸಂಜಿಯೊಳಗ ಈ ಅಡಿಗಿಮನಿ ಅರಮನಿ ಆಗ್ಲಿಲ್ಲಂದ್ರ ನಾ ತೆಲಿಗಿ ಊರಿನ ಮೈಲಪ್ಪನ ಮಗಳೇ ಅಲ್ಲ!"

ಮೈಲಪ್ಪನ ಮಗಳಲ್ಲದಿದ್ದರೆ ಮತ್ಯಾರ ಮಗಳಾಗುತ್ತಾಳೆಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಗಂಡ ಕನಕರಾಜ ಎರಡು ವರ್ಷದ ಚಂದನಾಳನ್ನು ಹೊಟ್ಟೆಯ ಮೇಲೆ ಕೂರಿಸಿಕೊಂಡು ಮೊಬೈಲ್ ನೋಡುತ್ತಿದ್ದ. ಸಂತೆಗೆ ಹೊರಟು ನಿಂತಿದ್ದ ಅತ್ತೆ ಕೊಟ್ರಬಸಮ್ಮ ಮಾತ್ರ ಒಂದು ಮಾತು ಹೇಳಿದಳು.

"ಅರಮನಿ ಆಮ್ಯಾಲೆ ಕಟ್ಟುವಂತಿ. ಇವತ್ತು ನೀರು ಬಿಡ್ತಾರ. ಡ್ರಮ್ಮು ಖಾಲಿ ಮಾಡಿ ತಿಕ್ಕಿಟ್ಟೀನಿ. ನಾಳಿಗೆ ನಿನ್ನ ನಾದಿನಿ ಮಕ್ಕಳು ಮರಿ ಕಟ್ಕೊಂಡು ಎಣ್ಣಿ ನೀರು ಹಾಕ್ಕೊಳ್ಳಾಕ ಬರ್ತಾಳ. ನಳದ ಕಡಿ ಕಿವಿ ಇರ್ಲಿ!"

"ಒಂದ್ ಹನಿ ಬಿಡಂಗಿಲ್ರಿ ಅತ್ತಿ. ನೀವು ನಿಶ್ಚಿಂತಿಯಿಂದ ಹೋಗಿ ಬರ್ರಿ."

ಆ ಊರಿನ ನೀರು ವಾರಕ್ಕೊಮ್ಮೆ ಬರುತ್ತದೆ, ಅದೂ ಮನಸ್ಸಾದರೆ. ಯಾವ ಹೊತ್ತಿಗೆ ಎಂಬುದು ಅದಕ್ಕೂ ಗೊತ್ತಿರುವುದಿಲ್ಲ. ಹೀಗಾಗಿ ಅಂಗಳದಲ್ಲಿ ಗುಂಡಿ ತೋಡಿ, ನಳವನ್ನು ಅದರೊಳಗೆ ಇಳಿಸಿ, ಅದನ್ನು ತೆರೆದೇ ಬಿಟ್ಟು, ಅದರ ಬಾಯಿಗೊಂದು ಖಾಲಿ ಸ್ಟೀಲ್ ಕೊಡ ಇಡುವುದು ಮನೆಮನೆಯ ಪದ್ಧತಿ. ಮೊದಲ ಹನಿ ಕೊಡದೊಳಗೆ ಬಿದ್ದು ‘ಟಣ್’ ಎಂದರೆ ಉಣ್ಣುತ್ತಿದ್ದವರು ಎಂಜಲು ಕೈಯಲ್ಲೇ ಓಡುತ್ತಾರೆ. ಗುಡಿಯ ಗಂಟೆಗೂ ಅಷ್ಟು ಮರ್ಯಾದೆ ಇಲ್ಲ!

ಅತ್ತೆಯ ಬೆನ್ನು ಮರೆಯಾದದ್ದೇ ತಡ, ರೋಜಾ ದಂಡಯಾತ್ರೆ ಶುರು ಮಾಡಿದಳು. ಹಲಗೆಗಳ ಮೇಲಿನ ಡಬ್ಬಿಗಳನ್ನೆಲ್ಲ ಇಳಿಸಿದಳು. ಅವುಗಳ ಕೆಳಗೆ ವರ್ಷಗಟ್ಟಲೆ ಒಂದರ ಮೇಲೊಂದು ಹಾಸಿದ್ದ ಪೇಪರುಗಳನ್ನು ಕಿತ್ತು ಅಂಗಳಕ್ಕೆ ಎಸೆದಳು. ಬೇಸಿಗೆಯ ಸುಳಿಗಾಳಿ ಅವನ್ನೆಲ್ಲ ಬೀದಿಗೆ ಹಂಚಲು ಹೊರಟಿತು. ಹುಣಸೆಹಣ್ಣು ಹಚ್ಚಿ ತಿಕ್ಕಲೆಂದು ನಳದ ಕೊಡವನ್ನು ಆಗಲೇ ಎತ್ತಿಟ್ಟಿದ್ದಳು. ಗುಂಡಿ ಖಾಲಿ ಇತ್ತು. ಪೇಪರನ್ನೆಲ್ಲ ಬಾಚಿ ಅದರೊಳಗೆ ತುರುಕಿದಳು. ಆಮೇಲೆ ಎತ್ತಿದರಾಯಿತು!

ಉಪ್ಪಿನಕಾಯಿ ಜಾಡಿಯ ಕೆಳಗಿನ ಹಾಳೆಯೊಂದು ಮಾತ್ರ ಹಲಗೆಗೆ ಅಂಟಿಕೊಂಡಿತ್ತು. ಮೆಲ್ಲಗೆ ಬಿಡಿಸಿ ನೋಡಿದಳು. ಹನ್ನೊಂದು ವರ್ಷದ ಹಿಂದಿನ ತಾಲೂಕು ಸುದ್ದಿಯ ಪುಟ. ಓದಿಕೊಂಡವರಿಗೆ ಇದೊಂದು ರೋಗ. ಅಕ್ಷರ ಕಂಡರೆ ಕೈಯಲ್ಲಿನ ಕೆಲಸ ಜಾರುತ್ತದೆ.

"ಏನ್ರೀ, ಕೇಳ್ರಿಲ್ಲಿ! ‘ವರ್ಷದೊಳಗೆ ಮನೆ ಮನೆಗೆ ದಿನವಿಡೀ ನೀರು!’"

ಕನಕರಾಜ ಮೊಬೈಲಿನಿಂದ ಕಣ್ಣು ತೆಗೆಯದೆ ಕೇಳಿದ. "ಯಾವ ವರ್ಷ ಅಂತ ಬರ್ದಾರೇನು?"

"ಅದೊಂದು ಬರ್ದಿಲ್ಲ."

"ಮತ್ತ ಸುಳ್ಳು ಎಲ್ಲೈತಿ ಅದರಾಗ?"

"‘ಬಸ್ ನಿಲ್ದಾಣಕ್ಕೆ ಶೀಘ್ರ ಹೊಸ ಕಳೆ!’"

"ಬಂದೈತಲ್ಲ! ಮದ್ಲು ಮಂದಿ ನಿಲ್ತಿದ್ರು, ಈಗ ಆಡು ನಿಲ್ತಾವು."

"‘ಈರುಳ್ಳಿ ದರ ಪಾತಾಳಕ್ಕೆ.’"

"ಏ, ಅದು ಇವತ್ತಿನ ಪೇಪರ್ ಇರಬೇಕು. ತಾರೀಖು ನೋಡು."

ನಗು ತಡೆಯಲಾಗದೆ ರೋಜಾ ಹಲಗೆಗೆ ಒರಗಿದಳು. ಉಚ್ಚಂಗಿದುರ್ಗದ ಗುಡ್ಡದಲ್ಲಿ ಕರಡಿ ಕಾಣಿಸಿಕೊಂಡ ಸುದ್ದಿಯೂ ಇತ್ತು. ಆ ಪುಟದಲ್ಲಿ ಮಾತಿಗೆ ತಪ್ಪದಿದ್ದದ್ದು ಆ ಕರಡಿಯೊಂದೇ. ಅದು ಯಾರಿಗೂ ಏನೂ ಮಾತು ಕೊಟ್ಟಿರಲಿಲ್ಲ!

"ಎಲ್ಲಾರೂ ಸುಳ್ಳುಬುರುಕರು!" ರೋಜಾ ತೀರ್ಪು ಕೊಟ್ಟಳು. "ಹೇಳಿದ್ದು ಮಾಡಿದೋರು ಒಬ್ಬರರ ಅದಾರೇನು ಇದರಾಗ? ಪೇಪರ್‌ನಾಗ ಹಲ್ಲು ಕಿಸಿಯೋದು, ಆಮ್ಯಾಲೆ ಪತ್ತೆ ಇಲ್ಲ!"

ಹಾಗೆನ್ನುತ್ತಲೇ ಎಣ್ಣೆಗೆ ಅಂಟಿದ್ದ ಕೆಳಗಿನ ಮಡಿಕೆ ಬಿಡಿಸಿದಳು. ಅಲ್ಲೊಂದು ಹುಡುಗಿಯ ಫೋಟೊ. ಎರಡು ಜಡೆ, ರಿಬ್ಬನ್ನು, ಕ್ಯಾಮೆರಾ ಕಚ್ಚೀತೇನೋ ಎಂಬಂತೆ ಬಿಟ್ಟ ಕಣ್ಣು. ಒಂದು ಕೆನ್ನೆಯ ಮೇಲೆ ಮಾವಿನಕಾಯಿ ಉಪ್ಪಿನಕಾಯಿಯ ಕೆಂಪು ಎಣ್ಣೆ.

ರೋಜಾಳ ನಗು ಅರ್ಧಕ್ಕೇ ನಿಂತಿತು.

ಹತ್ತನೇ ಕ್ಲಾಸಿನ ಫಲಿತಾಂಶ ಬಂದಾಗ, ಪೇಪರಿನಲ್ಲಿ ನಿನ್ನ ಫೋಟೊ ಬಂದಿದೆ ಎಂದು ಹೆಡ್ ಮಾಸ್ತರು ಹೇಳಿದ್ದರು. ಅವಳು ನೋಡಿರಲಿಲ್ಲ. ಅಪ್ಪ ಕುರಿ ಹಿಂಡಿನ ಜೊತೆ ಎಲ್ಲೋ ದೂರದಲ್ಲಿದ್ದ, ಪೇಪರು ಅವರ ಹಟ್ಟಿಯ ತನಕ ಬರುತ್ತಿರಲಿಲ್ಲ. ಪಿಯುಸಿ ಮುಗಿಯುತ್ತಿದ್ದಂತೆ ಒಳ್ಳೆಯ ಸಂಬಂಧ ಬಂತು. ಒಳ್ಳೆಯ ಸಂಬಂಧಗಳು ಯಾವಾಗಲೂ ಕಾಲೇಜಿಗೆ ಅರ್ಜಿ ಹಾಕುವ ತಿಂಗಳಲ್ಲೇ ಬರುತ್ತವೆ! ಹೆಣ್ಣು ನೋಡಲು ಬಂದವರು ರೊಟ್ಟಿ ಬಡಿಯಲು ಬರುತ್ತದೆಯೇ ಎಂದು ಕೇಳಿದರು. ಮಾರ್ಕ್ಸು ಯಾರೂ ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಮಾತು ನಿಂತಿತೆಂದು ಕನಕರಾಜ ಎದ್ದು ಬಂದು ಹಾಳೆಯೊಳಗೆ ಇಣುಕಿದ.

"ಯಾರಿದು? ನಿನ್ನ ತಂಗಿ ಇದ್ದಂಗ ಅದಾಳ!"

ರೋಜಾಳಿಗೆ ತಂಗಿ ಇಲ್ಲ. ಅವನ ತೋಳಿನಲ್ಲಿದ್ದ ಚಂದನಾ ಫೋಟೊದ ಮೇಲೆ ಬೆರಳಿಟ್ಟು "ಅವ್ವ" ಎಂದಳು. ಪಕ್ಕದ ಮನೆಯ ಎಮ್ಮೆಗೂ ಅವಳು ಹಾಗೇ ಅನ್ನುತ್ತಿದ್ದಳಾದ್ದರಿಂದ ಆ ಸಾಕ್ಷಿ ನಡೆಯಲಿಲ್ಲ.

"ಏ ರೋಜಾ!" ಪಕ್ಕದ ಮನೆಯ ಲಾಲ್ ಬೀಯ ದನಿ ಕಾಂಪೌಂಡು ದಾಟಿ ಬಂತು. "ನಿಮ್ಮ ನೀರು ಆಗ್ಲಿಂದ ಗಟಾರಕ್ಕ ಹೊಂಟೈತಿ! ಎಲ್ಲಾ ತುಂಬ್ಕೊಂಡು ಮುಗೀತೇನವ್ವಾ?"

ರೋಜಾ ಹಾಳೆ ಹಿಡಿದೇ ಓಡಿದಳು. ನೀರು ಬಂದಿತ್ತು. ಬಂದದ್ದು ಪೇಪರಿನ ಗಂಟಿನ ಮೇಲೆ ಸದ್ದಿಲ್ಲದೆ ಬಿದ್ದು, ಗುಂಡಿ ತುಂಬಿ, ಬೀದಿಗೆ ಹರಿದಿತ್ತು. ವರ್ಷಗಟ್ಟಲೆಯ ಭರವಸೆಗಳೆಲ್ಲ ಹೊಟ್ಟೆ ತುಂಬ ನೀರು ಕುಡಿದು ಉಬ್ಬಿ ಕುಳಿತಿದ್ದವು! ಗಂಟನ್ನು ಎಳೆದು ಬಿಸಾಕಿ ಕೊಡ ಹಿಡಿಯುವಷ್ಟರಲ್ಲಿ ನಳ ‘ಸುಂಯ್’ ಎಂದು ಗಾಳಿ ಬಿಟ್ಟು ಸುಮ್ಮನಾಯಿತು.

ಬೇವಿನ ಸೊಪ್ಪು ಹಿಡಿದು ಕೊಟ್ರಬಸಮ್ಮ ಅಂಗಳಕ್ಕೆ ಕಾಲಿಟ್ಟದ್ದೂ ಆಗಲೇ.

"ಡ್ರಮ್ಮು ತುಂಬಿತೇನು?"

"ಇಲ್ರಿ ಅತ್ತಿ..."

"ಕೊಡದ ಸಪ್ಪಳ ಕೇಳ್ಲಿಲ್ಲೇನು?"

"ಕೊಡ... ತಿಕ್ಕಾಕ ತಗದಿದ್ನಿರಿ."

"ತಿಕ್ಕಿದ್ದು ಯಾವ ನೀರಿಗೆ ತೊಳಿತಿ? ನಾಳಿ ನನ್ನ ಮಗಳು ಎಣ್ಣಿ ಹಚ್ಕೊಂಡು ಹಂಗಾ ಊರಿಗೆ ಹೋಗ್ಬೇಕೇನು?" ಕೊಟ್ರಬಸಮ್ಮನ ಕಣ್ಣು ಸೊಸೆಯ ಕೈಗೆ ಬಿತ್ತು. "ಅದೇನದು?"

"ಹಳೇ ಪೇಪರ್ರಿ."

"ಓದು! ನನ್ನ ಡ್ರಮ್ಮಿನ ನೀರು ನುಂಗಿದ್ದು ಏನಂತ ನಾನೂ ಕೇಳ್ತೀನಿ."

ಕನಕರಾಜ ಮಗಳ ಹಿಂದೆ ಮುಖ ಮರೆಸಿಕೊಂಡ. ರೋಜಾ ಫೋಟೊದ ಕೆಳಗಿನ ಎಣ್ಣೆಯನ್ನು ಹೆಬ್ಬೆರಳಿನಿಂದ ಒರೆಸಿ, ಶಾಲೆಯಲ್ಲಿ ಪಾಠ ಒಪ್ಪಿಸುವವಳಂತೆ ಓದಿದಳು. ಹೆಸರೊಂದನ್ನು ಮಾತ್ರ ನುಂಗಿಕೊಂಡಳು.

"‘ಕುರಿಗಾಹಿಯ ಮಗಳು ತಾಲೂಕಿಗೆ ಪ್ರಥಮ. ದೊಡ್ಡ ಅಧಿಕಾರಿಯಾಗಿ ಮೊದಲು ಮನೆ ಮನೆಗೆ ನೀರು ಕೊಡಿಸುವೆ ಎನ್ನುತ್ತಾಳೆ ವಿದ್ಯಾರ್ಥಿನಿ.’"

ಕೊಟ್ರಬಸಮ್ಮನಿಗೆ ಸಿಟ್ಟಿನಲ್ಲೂ ನಗು ಬಂತು. "ಕೊಡಿಸಿದಳು ನೋಡು! ಎಲ್ಲಾರೂ ಪೇಪರ್‌ನಾಗ ಕೊಡಿಸೋರೇ. ಆಮ್ಯಾಲೆ ಪತ್ತೆ ಇಲ್ಲ!"

ಅದು ರೋಜಾಳೇ ಕೊಟ್ಟ ತೀರ್ಪು. ಮೇಲ್ಮನವಿಗೆ ಜಾಗವಿರಲಿಲ್ಲ.

"ನಿಂತು ಏನ್ ನೋಡ್ತಿ? ಅದೊಂದರ ಒಣಗಿದ್ದು ಉಳದೈತಿ, ಹೋಗಿ ಮತ್ತ ಹಾಸು. ಜಾಡಿ ನೆಲದ ಮ್ಯಾಲೈತಿ, ಕೂಸು ಕೆಡವೀತು."

ರೋಜಾ ಹಾಳೆಯನ್ನು ಹಲಗೆಯ ಮೇಲೆ ಹಾಸಿ ಅಂಗೈಯಿಂದ ನೇವರಿಸಿದಳು. ಜಾಡಿಯನ್ನು ಈ ಸಲ ಹುಡುಗಿಯ ಮುಖದ ಮೇಲೆ ಇಡಲಿಲ್ಲ. ದಿನವಿಡೀ ನೀರಿನ ತಲೆಬರಹದ ಮೇಲೆ ಕುಕ್ಕಿದಳು. ಬೋರ್‌ವೆಲ್ ಊರಾಚೆ ಇತ್ತು, ಬಿಸಿಲು ನೆತ್ತಿಗೆ ಬಂದಿತ್ತು. ಎರಡು ಕೊಡ ಎತ್ತಿಕೊಂಡು ಹೊಸ್ತಿಲು ದಾಟುವಾಗ ಅತ್ತೆ ಇನ್ನೂ ಗೊಣಗುತ್ತಿದ್ದಳು.

"ನೀರು ಕೊಡಿಸ್ತಾಳಂತ, ನೀರು! ಆ ಹುಡುಗಿ ಈಗ ಎಲ್ಲದಾಳೋ ಏನೋ..."

"ಇಲ್ಲೇ ಅದಾಳ್ರಿ ಅತ್ತಿ," ಎಂದಳು ರೋಜಾ. "ನೀರಿಗೆ ಹೊಂಟಾಳ."